ಬ್ರೇಕ್ ಹಿಡಿದ್ರೆ ಮೂತಿ ಕೆಳಗೆ, ಕಲ್ಲು ಸಿಕ್ರೆ ಕೈಗೆ ಏಟು: ಡಿಆರ್650 ಫೋರ್ಕಿಗೆ ಏನು ಮಾಡೋದು?

ಪ್ರಶ್ನೆ: ನನ್ನ ಹತ್ರ ಸುಜುಕಿ ಡಿಆರ್650 ಇದೆ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಜಾಕೆಟ್ಟು ಬೂಟು ಹೆಲ್ಮೆಟ್ಟು ಎಲ್ಲಾ ಸೇರಿ ನಾನು 95 ಕೆಜಿ ಬರ್ತೀನಿ, ಹಿಂದೆ ಒಂದು ಬ್ಯಾಗ್ ಇರತ್ತೆ. ಟಾರ್ ರೋಡಲ್ಲಿ ಮುಂದಿನ ಬ್ರೇಕ್ ಹಿಡಿದ ತಕ್ಷಣ ಫೋರ್ಕ್, ಅಂದ್ರೆ ಮುಂದಿನ ಚಕ್ರ ಹಿಡಿದಿರೋ ಸಸ್ಪೆನ್ಷನ್ ಕಾಲುಗಳು, ಪೂರ್ತಿ ಕೂತ್ಬಿಡತ್ತೆ. ಆದ್ರೆ ಕಲ್ಲು ದಾರಿಗೆ ಇಳಿದ್ರೆ ಅದೇ ಫೋರ್ಕ್ ಅಲ್ಲಾಡಲ್ಲ, ಮಣಿಕಟ್ಟು ನೋವು ಬರತ್ತೆ. ಒಬ್ರು ದಪ್ಪ ಆಯಿಲ್ ಹಾಕಿ ಸಾಕು ಅಂದ್ರು, ಇನ್ನೊಬ್ರು ಮೊಟೊಕ್ರಾಸ್ ಬೈಕಿನ ಅಪ್‌ಸೈಡ್ ಡೌನ್ ಫೋರ್ಕ್ (ದಪ್ಪ ಕೊಳವೆ ಮೇಲೆ, ಸಣ್ಣದು ಕೆಳಗೆ ಇರೋದು) ಹಾಕ್ಸಿಬಿಡಿ ಅಂದ್ರು. ಯಾರ ಮಾತು ಕೇಳಲಿ?

ಉತ್ತರ: ಸಲಹೆ ಕೊಟ್ಟ ಇಬ್ರೂ ನಿಮ್ಮ ಕಂಪ್ಲೇಂಟಲ್ಲಿ ಅರ್ಧರ್ಧ ಮಾತ್ರ ಕೇಳಿಸ್ಕೊಂಡ ಹಾಗಿದೆ. ದಪ್ಪ ಆಯಿಲ್ ಅಂದೋರಿಗೆ ಬ್ರೇಕಲ್ಲಿ ಕೂತ್ಕೊಳ್ಳೋದು ಮಾತ್ರ ಕೇಳಿಸಿದೆ, ಫೋರ್ಕೇ ಬದಲಾಯಿಸಿ ಅಂದೋರಿಗೆ ಕೈನೋವು ಮಾತ್ರ. ಒಂದೇ ಫೋರ್ಕ್ ಒಂದು ಕಡೆ ತೀರಾ ಮೆತ್ತಗೆ, ಇನ್ನೊಂದು ಕಡೆ ತೀರಾ ಗಟ್ಟಿ ಯಾಕಾಗತ್ತೆ ಅನ್ನೋದು ಅರ್ಥ ಆಗ್ಬಿಟ್ರೆ ಏನು ಹಾಕ್ಸಬೇಕು, ಯಾವುದನ್ನ ಮೊದಲು ಹಾಕ್ಸಬೇಕು ಅನ್ನೋದೂ ಗೊತ್ತಾಗತ್ತೆ, ಅದಕ್ಕೇ ಸ್ವಲ್ಪ ಒಳಗಿನ ಕಥೆಯಿಂದ ಶುರು ಮಾಡ್ತೀನಿ. ಆತುರ ಇದ್ರೆ ಇಷ್ಟು ತಗೊಳ್ಳಿ: ಮೊದಲು ಇರೋ ಫೋರ್ಕ್ ಬಿಚ್ಚಿ ಸರ್ವಿಸ್, ಆಮೇಲೆ ನಿಮ್ಮ ತೂಕಕ್ಕೆ ಹೊಂದೋ ಸ್ಪ್ರಿಂಗ್, ಅದರ ಜೊತೆಗೇ ಎಮ್ಯುಲೇಟರ್, ಅಂದ್ರೆ ಫೋರ್ಕ್ ಒಳಗೆ ಕೂರೋ ಒಂದು ಸಣ್ಣ ವಾಲ್ವ್. ಮೊಟೊಕ್ರಾಸ್ ಫೋರ್ಕ್ ಸದ್ಯಕ್ಕೆ ಬೇಡ.

ಡಿಆರ್650ಗೆ 1996ರಿಂದ ಮುಂದೆ ಇರೋದು 43 ಎಂಎಂ ದಪ್ಪದ ಮಾಮೂಲಿ ಫೋರ್ಕ್, 260 ಎಂಎಂ ಟ್ರಾವೆಲ್ (ಫೋರ್ಕ್ ಮೇಲೆ ಕೆಳಗೆ ಆಡೋ ಒಟ್ಟು ದೂರ), ಒಳಗೆ ಡ್ಯಾಂಪರ್ ರಾಡ್. ಡ್ಯಾಂಪರ್ ರಾಡ್ ಅಂದ್ರೆ ದೊಡ್ಡ ತಂತ್ರಜ್ಞಾನ ಏನಲ್ಲ, ಕೆಳಗಿನ ಕಾಲಿಗೆ ಬೋಲ್ಟ್ ಮಾಡಿ ನಿಲ್ಲಿಸಿರೋ ಒಂದು ಟೊಳ್ಳು ಕೊಳವೆ, ಅದರ ಬುಡದಲ್ಲಿ ಒಂದೆರಡು ತೂತು, ತಲೆಯ ಹತ್ರ ಸಣ್ಣ ತೂತು. ಫೋರ್ಕ್ ಒಳಗೆ ಹೋಗುವಾಗ ಕೆಳಗಿರೋ ಆಯಿಲ್ ಬುಡದ ತೂತುಗಳಿಂದ ನುಗ್ಗಿ ಕೊಳವೆ ಒಳಗೆ ಮೇಲಕ್ಕೆ ಹೋಗಬೇಕು. ಅದು ಕಂಪ್ರೆಷನ್ ಡ್ಯಾಂಪಿಂಗ್. ವಾಪಸ್ ಹೊರಗೆ ಬರುವಾಗ ತಲೆ ಹತ್ರ ಇರೋ ಸಣ್ಣ ತೂತುಗಳಿಂದ ಹಿಂಡ್ಕೊಂಡು ಬರಬೇಕು, ಅದು ರೀಬೌಂಡ್. ಇಷ್ಟೇ, ವಾಲ್ವ್ ಅಂತ ಹೇಳ್ಕೊಳ್ಳೋ ಅಂಥದ್ದು ಏನೂ ಇಲ್ಲ.

ತೂತಿನ ಸೈಜ್ ಬದಲಾಗಲ್ಲ, ತೊಂದರೆ ಎಲ್ಲಾ ಅಲ್ಲೇ. ಒಂದು ತೂತಿನ ಮೂಲಕ ಆಯಿಲ್ ನುಗ್ಗಿಸೋವಾಗ ತಡೆ ಅನ್ನೋದು ವೇಗದ ವರ್ಗಕ್ಕೆ ತಕ್ಕಂತೆ ಏರತ್ತೆ, ಅಂದ್ರೆ ಫೋರ್ಕ್ ಎರಡರಷ್ಟು ಜೋರಾಗಿ ಒಳಗೆ ಹೋದ್ರೆ ತಡೆ ನಾಲ್ಕರಷ್ಟು, ಮೂರರಷ್ಟು ಜೋರಾದ್ರೆ ಒಂಬತ್ತರಷ್ಟು. ಬ್ರೇಕ್ ಹಿಡಿದಾಗ ಫೋರ್ಕ್ ಒಳಗೆ ಹೋಗೋ ವೇಗ ಕಮ್ಮಿ, ಆ ವೇಗದಲ್ಲಿ ತೂತುಗಳು ತಡೆಯೋದೇ ಇಲ್ಲ ಅನ್ನಬಹುದು, ಆಯಿಲ್ ಆರಾಮಾಗಿ ಹರಿದು ಹೋಗತ್ತೆ, ಮೂತಿ ಕೆಳಗೆ. ಅದೇ ಮುಷ್ಟಿ ಗಾತ್ರದ ಚೂಪು ಕಲ್ಲಿಗೆ ಚಕ್ರ ಹೊಡೆದಾಗ ಫೋರ್ಕ್ ಹತ್ತು ಪಟ್ಟು ಜೋರಾಗಿ ಒಳಗೆ ಹೋಗಬೇಕಾಗತ್ತೆ, ಅಷ್ಟು ಆಯಿಲ್ ಆ ತೂತಲ್ಲಿ ಹಿಡಿಯಲ್ಲ, ಒಂದು ಕ್ಷಣ ಫೋರ್ಕ್ ಲಾಕ್ ಆದ ಹಾಗೆ ನಿಂತುಬಿಡತ್ತೆ, ಏಟು ಸೀದಾ ಹ್ಯಾಂಡಲ್‌ಗೆ, ಅಲ್ಲಿಂದ ನಿಮ್ಮ ಮಣಿಕಟ್ಟಿಗೆ. ನಿಮ್ಮ ಎರಡೂ ಕಂಪ್ಲೇಂಟು ಹುಟ್ಟೋದು ಒಂದೇ ಜಾಗದಲ್ಲಿ ನೋಡಿ.

ಈಗ ದಪ್ಪ ಆಯಿಲ್ ಹಾಕಿದ್ರೆ ಏನಾಗತ್ತೆ ಹೇಳಿ. ಬ್ರೇಕಲ್ಲಿ ಕೂತ್ಕೊಳ್ಳೋದು ಒಂಚೂರು ನಿಧಾನ ಆಗತ್ತೆ, ಮೊದಲ ದಿನ ಖುಷಿ ಆಗತ್ತೆ. ಆದ್ರೆ ರೀಬೌಂಡ್ ಕಡೆಯ ಸಣ್ಣ ತೂತುಗಳಿಗೆ ಇದರ ಪೆಟ್ಟು ಜಾಸ್ತಿ, ಫೋರ್ಕ್ ಹೊರಗೆ ಬರೋದು ನಿಧಾನ ಆಗ್ಬಿಡತ್ತೆ. ಅಲೆ ಅಲೆಯಾಗಿರೋ ಮಣ್ಣು ರಸ್ತೆಯಲ್ಲಿ ಮೊದಲ ಉಬ್ಬಿಗೆ ಒಳಗೆ ಹೋದ ಫೋರ್ಕ್ ಪೂರ್ತಿ ಹೊರಗೆ ಬರೋ ಮುಂಚೆ ಎರಡನೇ ಉಬ್ಬು, ಆಮೇಲೆ ಮೂರನೇದು, ಹೀಗೇ ಸ್ವಲ್ಪ ಸ್ವಲ್ಪವೇ ಇಳೀತಾ ಹೋಗಿ ಇಪ್ಪತ್ತು ಮೀಟರ್ ಒಳಗೆ ನೀವು ಉಳಿದಿರೋ ಚೂರು ಟ್ರಾವೆಲ್ ಮೇಲೆ ಓಡಿಸ್ತಿರ್ತೀರಿ. ಕಲ್ಲಿನ ಏಟು ಕಮ್ಮಿ ಆಗೋ ಮಾತೇ ಇಲ್ಲ. ದಪ್ಪ ಆಯಿಲ್ ತಪ್ಪು ಅಂತಲ್ಲ, ಎಮ್ಯುಲೇಟರ್ ಹಾಕಿದ್ಮೇಲೆ ನಾನೇ ದಪ್ಪ ಆಯಿಲ್ ಹಾಕಿ ಅಂತೀನಿ, ಅದರ ಕಾರಣ ಮುಂದೆ ಬರತ್ತೆ. ಬರೀ ಆಯಿಲ್ ಒಂದರಿಂದ ನಿಮ್ಮ ಕಾಯಿಲೆ ವಾಸಿಯಾಗಲ್ಲ ಅಷ್ಟೆ.

ಏನಾದ್ರೂ ಆರ್ಡರ್ ಮಾಡೋ ಮುಂಚೆ ಒಂದು ಕೆಲಸ. ಸೆಕೆಂಡ್ ಹ್ಯಾಂಡ್ ಬೈಕು ಅಂದ್ರಿ, ಹಿಂದಿನ ಓನರ್ ಫೋರ್ಕ್ ಆಯಿಲ್ ಯಾವಾಗ ಬದಲಾಯಿಸಿದ್ದು ಅಂತ ಕೇಳಿದೀರಾ? ಇಂಜಿನ್ ಆಯಿಲ್ ತಪ್ಪದೆ ಬದಲಾಯಿಸೋ ಜನ ಫೋರ್ಕ್ ಆಯಿಲ್ ಕಡೆ ತಿರುಗಿ ಕೂಡ ನೋಡಲ್ಲ. ಬಿಚ್ಚಿದಾಗ ಬೂದು ಬಣ್ಣದ, ವಾಸನೆ ಹೊಡೆಯೋ ನೀರು ಥರದ್ದು ಹೊರಗೆ ಬಂದ್ರೆ ಆಶ್ಚರ್ಯ ಪಡಬೇಡಿ. ಬುಶ್, ಅಂದ್ರೆ ಎರಡು ಕೊಳವೆ ನಡುವೆ ಜಾರೋ ಬಳೆ, ನೋಡಿ, ಪ್ರತಿ ಕಾಲಲ್ಲೂ ಎರಡು ಇರತ್ತೆ, ಮೇಲಿನ ಬೂದು ಟೆಫ್ಲಾನ್ ಪದರ ಸವೆದು ತಾಮ್ರದ ಬಣ್ಣ ಕಾಣ್ತಿದ್ರೆ ಬದಲಾಯಿಸಿ. ಸ್ಪ್ರಿಂಗ್ ಹೊರಗೆ ತೆಗೆದು ಉದ್ದ ಅಳೆದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರೋ ಲಿಮಿಟ್ ಜೊತೆ ಹೋಲಿಸಿ, ಹಳೇ ಸ್ಪ್ರಿಂಗ್ ಕುಗ್ಗಿರತ್ತೆ. ಇನ್ನೊಂದು, ಈ ಬೈಕಲ್ಲಿ ಸೀಟ್ ಹೈಟ್ 885ರಿಂದ 845 ಎಂಎಂಗೆ ಇಳಿಸೋಕೆ ಕಂಪನಿಯೇ ಅವಕಾಶ ಕೊಟ್ಟಿದೆ, ಫೋರ್ಕ್ ಒಳಗಿನ ಸ್ಪೇಸರ್ ಜಾಗ ಬದಲಾಯಿಸಿ, ಹಿಂದೆ ಶಾಕ್ ಬೋಲ್ಟ್ ಜಾಗ ಬದಲಾಯಿಸಿ. ಹಿಂದಿನ ಓನರ್ ಕುಳ್ಳಗಿದ್ದು ಇಳಿಸಿಕೊಂಡಿದ್ರೆ ನಿಮ್ಗೆ ಸಿಕ್ತಿರೋದು 260 ಎಂಎಂ ಅಲ್ಲವೇ ಅಲ್ಲ, ಕೆಳಗೆ ನಾನು ಕೊಡೋ ಲೆಕ್ಕ ಎಲ್ಲಾ ತಲೆಕೆಳಗಾಗತ್ತೆ. ಅದನ್ನ ಮೊದಲು ಖಾತ್ರಿ ಮಾಡ್ಕೊಳ್ಳಿ.

ಈಗ ಸ್ಪ್ರಿಂಗ್ ವಿಷಯ. ಇದರಲ್ಲಿ ಜನ ಮಾಡೋ ಗೊಂದಲ ಅಷ್ಟಿಷ್ಟಲ್ಲ. ಬೈಕಿನ ಭಾರ ಹೊರೋದು ಸ್ಪ್ರಿಂಗ್, ಆಯಿಲ್ ಅಲ್ಲ. ಆಯಿಲ್ ಮಾಡೋ ಕೆಲಸ ಎಷ್ಟು ಬೇಗ ಅಥವಾ ನಿಧಾನ ಕೂತ್ಕೊಳ್ಳತ್ತೆ ಅನ್ನೋದು, ಕೊನೆಗೆ ಎಲ್ಲಿಗೆ ಹೋಗಿ ನಿಲ್ಲತ್ತೆ ಅಂತ ನಿರ್ಧಾರ ಮಾಡೋದು ಸ್ಪ್ರಿಂಗೇ. ಜೋರಾಗಿ ಬ್ರೇಕ್ ಹಿಡಿದಾಗ ಮುಂದಿನ ಚಕ್ರದ ಮೇಲಿನ ಭಾರ ಹತ್ರಹತ್ರ ಎರಡರಷ್ಟಾಗತ್ತೆ, ಉದ್ದ ಟ್ರಾವೆಲ್ ಇರೋ ಎತ್ತರದ ಬೈಕಲ್ಲಿ ಅದನ್ನ ತಪ್ಪಿಸೋಕೆ ಆಗಲ್ಲ. ಹಾಗಾಗಿ ಡೈವ್, ಅಂದ್ರೆ ಬ್ರೇಕಲ್ಲಿ ಮೂತಿ ಇಳಿಯೋದು, ಸೊನ್ನೆ ಆಗಬೇಕು ಅಂತ ಆಸೆ ಇಟ್ಕೋಬೇಡಿ, ಬುಡಕ್ಕೆ ಹೋಗಿ ಗುದ್ದದೆ ಇದ್ರೆ ಸಾಕು.

ಸ್ಪ್ರಿಂಗ್ ಗಟ್ಟಿತನ ಅಳೆಯೋದು ಒಂದು ಎಂಎಂ ಒತ್ತೋಕೆ ಎಷ್ಟು ಕೆಜಿ ಬೇಕು ಅಂತ. 0.45 ಅಂದ್ರೆ ಒಂದು ಎಂಎಂಗೆ 0.45 ಕೆಜಿ, ಎರಡು ಕಾಲಿದೆ ಅಲ್ವಾ, ಒಟ್ಟು 0.90. ಕೆಲವು ಕಂಪನಿ ನ್ಯೂಟನ್‌ನಲ್ಲಿ ಕೊಡ್ತಾರೆ, ಅದನ್ನ 9.8ರಿಂದ ಭಾಗಿಸಿ. ನಿಮ್ಮ ಬೈಕಿಗೆ ಒಂದು ಒರಟು ಲೆಕ್ಕ ಹಾಕೋಣ. ಪೆಟ್ರೋಲ್ ತುಂಬಿದ ಡಿಆರ್ 166 ಕೆಜಿ. ಮುಂದಿನ ಚಕ್ರದ ಪಾಲು ಸುಮಾರು 80 ಅಂತ ಇಟ್ಕೊಳ್ಳಿ, ಅದರಲ್ಲಿ ಚಕ್ರ, ಡಿಸ್ಕ್, ಫೋರ್ಕಿನ ಕೆಳಭಾಗ ಎಲ್ಲಾ ಸೇರಿ 18 ಕೆಜಿ ಸ್ಪ್ರಿಂಗ್ ಮೇಲೆ ಬರಲ್ಲ, ಉಳೀತು 62. ನಿಮ್ಮ 95 ಕೆಜಿಯಲ್ಲಿ ಕೂತಾಗ ಮುಂದಕ್ಕೆ ಬರೋದು 35ರ ಆಸುಪಾಸು. ಒಟ್ಟು 97. ಫೋರ್ಕ್ ಓರೆಯಾಗಿ ಇರೋದ್ರಿಂದ ಅದರ ಉದ್ದಕ್ಕೆ ಬೀಳೋ ಭಾರ ಸುಮಾರು 85. ಪ್ರಿಲೋಡ್ (ಜೋಡಿಸುವಾಗಲೇ ಸ್ಪ್ರಿಂಗನ್ನ ಒತ್ತಿ ಕೂರಿಸಿರೋ ಅಳತೆ) 15 ಎಂಎಂ ಅಂತ ಹಿಡಿದ್ರೆ 0.45 ಸ್ಪ್ರಿಂಗಲ್ಲಿ ನೀವು ಕೂತ ತಕ್ಷಣ ಫೋರ್ಕ್ 79 ಎಂಎಂ ಇಳಿಯತ್ತೆ, 0.50ಯಲ್ಲಿ 70, 0.55ರಲ್ಲಿ 62. ಒಳಗಿನ ಗಾಳಿ ಕೊಡೋ ಸಪೋರ್ಟ್ ಈ ಲೆಕ್ಕದಲ್ಲಿ ಇಲ್ಲ, ಆದ್ರೂ ಆಯ್ಕೆ ಮಾಡೋಕೆ ಇಷ್ಟು ಸಾಕು.

ಈ ಇಳಿತಕ್ಕೆ ಸ್ಯಾಗ್ ಅಂತಾರೆ. ಟಾರು, ಮಣ್ಣು ಎರಡಕ್ಕೂ ಆಗೋ ನಿಮ್ಮಂಥ ಡ್ಯುಯಲ್ ಸ್ಪೋರ್ಟ್ ಬೈಕಿಗೆ ಮುಂದೆ ಟ್ರಾವೆಲ್‌ನ 25ರಿಂದ 30 ಪರ್ಸೆಂಟ್ ಇದ್ರೆ ಚೆನ್ನ, 260ಕ್ಕೆ ಅಂದ್ರೆ 65ರಿಂದ 78 ಎಂಎಂ. ಕಲ್ಲು ಮಣ್ಣೇ ಜಾಸ್ತಿ ಅನ್ನೋದಾದ್ರೆ ನಿಮ್ಗೆ 0.50, ಟಾರ್ ರೋಡಲ್ಲಿ ಜೋರಾಗಿ ಓಡಿಸಿ ಬ್ರೇಕ್ ಕಚ್ಚಿ ಹಿಡಿಯೋ ಜಾತಿ ಆದ್ರೆ 0.55. ನಾನಾಗಿದ್ರೆ 0.50 ತಗೊಳ್ತೀನಿ. ಲಗೇಜ್ ಇದೆ ಅಂತ ಮುಂದಿನ ಸ್ಪ್ರಿಂಗ್ ಗಟ್ಟಿ ಮಾಡೋದು ಬೇಡ, ಹಿಂದಿನ ಆಕ್ಸಲ್‌ಗಿಂತ ಹಿಂದೆ ಕೂತಿರೋ ಬ್ಯಾಗ್ ಮುಂದಿನ ಚಕ್ರದ ಭಾರ ಕಮ್ಮಿ ಮಾಡತ್ತೆ, ಜಾಸ್ತಿ ಅಲ್ಲ.

ಸ್ಪ್ರಿಂಗ್ ಒಂದೇ ರೇಟಿಂದು ತಗೊಳ್ಳಿ. ಪ್ರೋಗ್ರೆಸ್ಸಿವ್ ಅಂತ ಮಾರ್ತಾರಲ್ಲ, ಒಂದು ತುದಿಯಲ್ಲಿ ಸುತ್ತು ಹತ್ರ ಹತ್ರ, ಇನ್ನೊಂದು ತುದಿಯಲ್ಲಿ ದೂರ ದೂರ, ಅದು ಕೇಳೋಕೆ ಚೆನ್ನಾಗಿದೆ, ಮೊದಲು ಮೆತ್ತಗೆ ಆಮೇಲೆ ಗಟ್ಟಿ. ಆದ್ರೆ ನಿಮ್ಗೆ ಬೇಕಾದ ನಡುವಿನ ಟ್ರಾವೆಲ್ ಹೊತ್ತಿಗೇ ಅದು ಮೆತ್ತನೆ ಭಾಗ ಮುಗಿಸಿ ಕೂತಿರತ್ತೆ, ಜೊತೆಗೆ ಡ್ಯಾಂಪಿಂಗ್ ಯಾವ ರೇಟಿಗೆ ಅಂತ ಸೆಟ್ ಮಾಡೋದು? ಹೇಗೂ ಫೋರ್ಕ್ ಒಳಗಿನ ಗಾಳಿ ಒತ್ತಿದಷ್ಟೂ ಗಟ್ಟಿ ಆಗ್ತಾ ಹೋಗತ್ತೆ, ಆ ಕೆಲಸ ಗಾಳಿಗೇ ಬಿಡಿ.

ಪ್ರಿಲೋಡ್ ಬಗ್ಗೆ ಒಂದು ಮಾತು. ಸ್ಪ್ರಿಂಗ್ ಮೇಲೆ ಕೂರೋ ಸ್ಪೇಸರ್ ಕೊಳವೆ ಉದ್ದ ಮಾಡಿ ಸ್ಪ್ರಿಂಗ್ ಬಿಗಿ ಮಾಡಿದ್ರೆ ಸ್ಪ್ರಿಂಗ್ ಗಟ್ಟಿ ಆಗತ್ತೆ ಅಂತ ತುಂಬಾ ಜನ ನಂಬಿದಾರೆ. ಆಗಲ್ಲ. 0.45 ಸ್ಪ್ರಿಂಗ್ ಎಷ್ಟೇ ಒತ್ತಿ ಕೂರಿಸಿದ್ರೂ 0.45ನೇ, ಬೈಕಿನ ಮುಂಭಾಗ ಎತ್ತರ ನಿಲ್ಲತ್ತೆ ಅಷ್ಟೆ. ಮೆತ್ತನೆ ಸ್ಪ್ರಿಂಗ್‌ಗೆ 40 ಎಂಎಂ ಪ್ರಿಲೋಡ್ ತುರುಕಿದ್ರೆ ಸ್ಯಾಗ್ ನಂಬರ್ ಸರಿ ಬರತ್ತೆ, ಆದ್ರೆ ಸಣ್ಣ ಉಬ್ಬಿಗೆ ಫೋರ್ಕ್ ಕದಲಲ್ಲ, ದೊಡ್ಡ ಹೊಂಡಕ್ಕೆ ಬುಡ ಸೇರತ್ತೆ. 10ರಿಂದ 20 ಎಂಎಂ ಒಳಗೆ ಸ್ಯಾಗ್ ಕೂರ್ತಿಲ್ಲ ಅಂದ್ರೆ ರೇಟ್ ತಪ್ಪಿದೆ ಅಂತ ಅರ್ಥ.

ಸ್ಯಾಗ್ ಅಳೆಯೋಕೆ ಇಬ್ರು ಸಹಾಯಕ್ಕೆ ಬೇಕು. ಮುಂದಿನ ಚಕ್ರ ನೆಲ ಬಿಡೋ ಹಾಗೆ ಎತ್ತಿ, ಡಸ್ಟ್ ಸೀಲ್ ಮೇಲಂಚಿನಿಂದ ಕೆಳಗಿನ ಟ್ರಿಪಲ್ ಕ್ಲ್ಯಾಂಪ್ (ಎರಡೂ ಫೋರ್ಕ್ ಕಾಲನ್ನ ಹಿಡಿದಿರೋ ಅಡ್ಡ ಹಿಡಿ) ತಳದ ತನಕ ಅಳತೆ ಬರ್ಕೊಳ್ಳಿ. ಆಮೇಲೆ ಪೂರ್ತಿ ಗೇರ್ ಹಾಕ್ಕೊಂಡು ಬೈಕ್ ಮೇಲೆ ಕೂತ್ಕೊಳ್ಳಿ, ಒಬ್ರು ಹಿಂದೆ ಬೈಕ್ ನೆಟ್ಟಗೆ ಹಿಡ್ಕೊಂಡಿರಲಿ. ಇನ್ನೊಬ್ರು ಮುಂಭಾಗ ಕೆಳಗೆ ಒತ್ತಿ ನಿಧಾನಕ್ಕೆ ಬಿಟ್ಟು ಅಳೀಲಿ, ಆಮೇಲೆ ಮೇಲಕ್ಕೆ ಎತ್ತಿ ನಿಧಾನಕ್ಕೆ ಬಿಟ್ಟು ಇನ್ನೊಂದ್ಸಲ ಅಳೀಲಿ. ಎರಡೂ ನಂಬರ್ ಬೇರೆ ಬೇರೆ ಬರತ್ತೆ, ಎರಡರ ಸರಾಸರಿಯನ್ನ ಮೊದಲ ಅಳತೆಯಿಂದ ಕಳೀರಿ, ಅದೇ ಸ್ಯಾಗ್. ಆ ಎರಡು ನಂಬರ್ ನಡುವಿನ ವ್ಯತ್ಯಾಸ ಎಸೀಬೇಡಿ, ಅದೂ ಒಂದು ಮಾಹಿತಿ. ಅದು ಸೀಲ್ ಮತ್ತು ಬುಶ್‌ಗಳ ಹಿಡಿತ. 20-25 ಎಂಎಂ ದಾಟಿದ್ರೆ ಫೋರ್ಕ್ ಎಲ್ಲೋ ಕಚ್ಕೋತಾ ಇದೆ, ಯಾವ ದುಬಾರಿ ವಾಲ್ವ್ ಹಾಕಿದ್ರೂ ಅದು ಹೋಗಲ್ಲ.

ಕಚ್ಕೊಳ್ಳೋದಕ್ಕೆ ಮುಖ್ಯ ಕಾರಣ ಚಕ್ರ ವಾಪಸ್ ಹಾಕೋ ರೀತಿ. ಆಕ್ಸಲ್ ಬಿಗಿ ಮಾಡಿ, ಆದ್ರೆ ಆಕ್ಸಲ್ ಹಿಡಿಯೋ ಪಿಂಚ್ ನಟ್‌ಗಳನ್ನ ಸಡಿಲವಾಗೇ ಬಿಡಿ, ಬೈಕ್ ಸ್ಟ್ಯಾಂಡಿಂದ ಇಳಿಸಿ ಬ್ರೇಕ್ ಹಿಡಿದು ಫೋರ್ಕನ್ನ ಜೋರಾಗಿ ನಾಲ್ಕೈದು ಸಲ ಒತ್ತಿ, ಎರಡೂ ಕಾಲು ತಾವಾಗೇ ಸಮಾನಾಂತರ ಕೂತ್ಕೊಳ್ಳತ್ತೆ, ಆಮೇಲೆ ಪಿಂಚ್ ಬಿಗಿ ಮಾಡಿ. ಎರಡು ನಿಮಿಷದ ಕೆಲಸ, ಎಷ್ಟೋ ಮೆಕ್ಯಾನಿಕ್‌ಗಳು ಮಾಡಲ್ಲ. ಟ್ರಿಪಲ್ ಕ್ಲ್ಯಾಂಪ್ ಬೋಲ್ಟ್‌ಗಳನ್ನೂ ಮ್ಯಾನ್ಯುಯಲ್‌ನಲ್ಲಿ ಹೇಳಿರೋ ಟಾರ್ಕ್‌ಗೇ ಬಿಗೀರಿ, ಅಪ್‌ಸೈಡ್ ಡೌನ್ ಫೋರ್ಕಲ್ಲಂತೂ ಕೆಳಗಿನ ಕ್ಲ್ಯಾಂಪ್ ಅತಿಯಾಗಿ ಬಿಗಿದ್ರೆ ಟ್ಯೂಬ್ ಒತ್ತಿ ಒಳಗಿನ ಬುಶ್ ಹಿಡ್ಕೊಳ್ಳತ್ತೆ.

ಇನ್ನು ಎಮ್ಯುಲೇಟರ್. ರೇಸ್ ಟೆಕ್ ಕಂಪನಿಯ ಗೋಲ್ಡ್ ವಾಲ್ವ್ ಎಮ್ಯುಲೇಟರ್ ಎಲ್ಲರಿಗೂ ಗೊತ್ತಿರೋದು, ಬೇರೆಯವ್ರದ್ದೂ ಸಿಗತ್ತೆ. ಅಂಗೈಯಲ್ಲಿ ಹಿಡಿಯೋ ಅಷ್ಟು ಸಣ್ಣ ವಾಲ್ವ್, ಡ್ಯಾಂಪರ್ ರಾಡ್ ತಲೆ ಮೇಲೆ ಕೂರತ್ತೆ, ಮೇಲಿಂದ ಫೋರ್ಕ್ ಸ್ಪ್ರಿಂಗೇ ಅದನ್ನ ಒತ್ತಿ ಹಿಡ್ಕೊಂಡಿರತ್ತೆ, ಬೋಲ್ಟು ಗೀಲ್ಟು ಏನಿಲ್ಲ. ಅದರಲ್ಲಿ ಒಂದು ಪ್ಲೇಟ್, ಪ್ಲೇಟ್ ಮೇಲೆ ಒಂದು ಪುಟ್ಟ ಸ್ಪ್ರಿಂಗ್, ಪ್ಲೇಟಲ್ಲೇ ಸೂಜಿ ದಪ್ಪದ ಬ್ಲೀಡ್ ತೂತು. ಬ್ರೇಕ್ ಹಿಡಿದಾಗ ಆಯಿಲ್ ನಿಧಾನಕ್ಕೆ ಬರೋದು ತಾನೆ, ಪ್ಲೇಟ್ ಮುಚ್ಕೊಂಡೇ ಇರತ್ತೆ, ಆಯಿಲ್ ಬರೀ ಬ್ಲೀಡ್ ತೂತಲ್ಲಿ ಹೋಗಬೇಕು, ಸಪೋರ್ಟ್ ಸಿಗತ್ತೆ. ಕಲ್ಲು ಹೊಡೆದಾಗ ಪ್ರೆಶರ್ ಏರಿ ಪ್ಲೇಟ್ ಎದ್ದು ದೊಡ್ಡ ದಾರಿ ಬಿಡತ್ತೆ, ಆಯಿಲ್ ಸರ್ರನೆ ಪಾಸ್. ನಿಮ್ಮ ಫೋರ್ಕ್ ಈಗ ಮಾಡ್ತಿರೋದಕ್ಕೆ ಪೂರಾ ಉಲ್ಟಾ ನೋಡಿ.

ಇದು ಕೆಲಸ ಮಾಡಬೇಕು ಅಂದ್ರೆ ಡ್ಯಾಂಪರ್ ರಾಡ್ ಬುಡದ ಹಳೇ ತೂತು ಅಡ್ಡ ಬರಬಾರದು, ಅದಕ್ಕೇ ಅವನ್ನ ದೊಡ್ಡ ಮಾಡಿ ಇನ್ನೂ ಕೆಲವು ಕೊರೀಬೇಕು. ಸಾಮಾನ್ಯವಾಗಿ 8 ಎಂಎಂ ಡ್ರಿಲ್ಲಲ್ಲಿ ಒಟ್ಟು ಆರು ತೂತು, ಒಂದರ ಮೇಲೊಂದು ಜೋಡಿಯಾಗಿ, ಪ್ರತಿ ಜೋಡಿ ಹಿಂದಿನದಕ್ಕೆ ಅಡ್ಡಡ್ಡ ಬರೋ ಹಾಗೆ, ಇಲ್ಲಾಂದ್ರೆ ರಾಡ್ ಬಲ ಕಳ್ಕೊಳ್ಳತ್ತೆ. ತಲೆ ಹತ್ರ ಇರೋ ರೀಬೌಂಡ್ ತೂತು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಕೊರೆದಾದ್ಮೇಲೆ ಒಳಗೂ ಹೊರಗೂ ಅಂಚಿನ ಚೂಪು ಉಜ್ಜಿ ತೆಗೆದು, ಪೆಟ್ರೋಲಲ್ಲೋ ಸೀಮೆಎಣ್ಣೆಯಲ್ಲೋ ತೊಳೆದು ಗಾಳಿ ಹೊಡೀರಿ, ಒಂದು ಲೋಹದ ಚೂರು ಉಳಿದ್ರೂ ಹೊಸ ಬುಶ್ ಗೀರಿಬಿಡತ್ತೆ. ಒಂದ್ಸಲ ಕೊರೆದ ರಾಡ್ ವಾಪಸ್ ಹಳೇದಾಗಲ್ಲ ಅನ್ನೋದೂ ನೆನಪಿರಲಿ, ಎಮ್ಯುಲೇಟರ್ ತೆಗೆದು ಬೈಕ್ ಮಾರ್ತೀನಿ ಅಂದ್ರೆ ಹೊಸ ರಾಡ್ ಬೇಕಾಗತ್ತೆ.

ರಾಡ್ ಹೊರಗೆ ತೆಗೆಯೋಕೆ ಕೆಳಗಿನ ಅಲೆನ್ ಬೋಲ್ಟ್ ಬಿಚ್ಚಬೇಕು, ಇದೇ ಎಲ್ಲರೂ ಸಿಕ್ಕಿಬೀಳೋ ಜಾಗ. ಸ್ಪ್ರಿಂಗ್ ತೆಗೆದ್ಮೇಲೆ ಬಿಚ್ಚೋಕೆ ಹೋದ್ರೆ ಬೋಲ್ಟ್ ಜೊತೆ ರಾಡೂ ಸುತ್ತತ್ತೆ, ಮುಗೀತು ಕಥೆ. ಸ್ಪ್ರಿಂಗು ಕ್ಯಾಪು ಇರೋವಾಗಲೇ, ಯಾರಾದ್ರೂ ಫೋರ್ಕ್ ಒತ್ತಿ ಹಿಡ್ಕೊಂಡಿರೋವಾಗ, ಇಂಪ್ಯಾಕ್ಟ್ ಗನ್‌ನಲ್ಲಿ ಒಂದು ಟಕ್ ಕೊಟ್ಟು ಸಡಿಲ ಮಾಡ್ಕೊಂಡ್ಬಿಡಿ. ಹಾಗೇ ಮೇಲಿನ ಕ್ಯಾಪನ್ನ ಫೋರ್ಕ್ ಇನ್ನೂ ಕೆಳಗಿನ ಕ್ಲ್ಯಾಂಪಲ್ಲಿ ಇರೋವಾಗಲೇ ಒಂದು ಸುತ್ತು ಸಡಿಲಿಸಿ, ಮೇಲಿನ ಕ್ಲ್ಯಾಂಪ್ ಬೋಲ್ಟ್ ಬಿಚ್ಚಿಟ್ಟು. ಕ್ಯಾಪ್ ಕೊನೆ ಎಳೆ ಬಿಡುವಾಗ ಸ್ಪ್ರಿಂಗ್ ಎಗರಿಸತ್ತೆ, ಮುಖ ದೂರ ಇಡಿ. ವಾಪಸ್ ಹಾಕುವಾಗ ಕೆಳಗಿನ ಬೋಲ್ಟಿಗೆ ಹೊಸ ವಾಷರ್, ಅಲ್ಲಿ ಜಿಪುಣತನ ಮಾಡಿದ್ರೆ ಆಯಿಲ್ ಸೋರಿ ಮತ್ತೆ ಎಲ್ಲಾ ಬಿಚ್ಚಬೇಕು.

ಎಮ್ಯುಲೇಟರ್ ಎಷ್ಟು ಎತ್ತರ ಇದೆಯೋ ಅಷ್ಟನ್ನ ಸ್ಪೇಸರ್ ಉದ್ದದಲ್ಲಿ ಕಳೀಬೇಕು, ಮರೆತ್ರೆ ಪ್ರಿಲೋಡ್ ಸಿಕ್ಕಾಪಟ್ಟೆ ಆಗತ್ತೆ. ಹೊಸ ಸ್ಪ್ರಿಂಗ್ ಹಳೇದಷ್ಟೇ ಉದ್ದ ಇರಲ್ಲ ಅದೂ ಲೆಕ್ಕಕ್ಕೆ ಬೇಕು. ಫೋರ್ಕ್ ಪೂರ್ತಿ ಹೊರಗೆ ಎಳೆದು, ಸ್ಪ್ರಿಂಗು ವಾಷರ್ರು ಹಾಕಿ, ಟ್ಯೂಬ್ ಬಾಯಿಂದ ವಾಷರ್ ತನಕ ಅಳೀರಿ, ಅದರಿಂದ ಕ್ಯಾಪ್ ಒಳಗೆ ಇಳಿಯೋ ಉದ್ದ ಕಳೆದು, ಬೇಕಾದ ಪ್ರಿಲೋಡ್ ಕೂಡಿಸಿ, ಅದೇ ಸ್ಪೇಸರ್ ಉದ್ದ. ಗಟ್ಟಿ ಪಿವಿಸಿ ಪೈಪ್ ಸಾಕು, ತುದಿ ಮಾತ್ರ ನೇರವಾಗಿ ಕತ್ತರಿಸಿರಬೇಕು.

ಆಯಿಲ್‌ಗೆ ಬರೋಣ. ಎಮ್ಯುಲೇಟರ್ ಹಾಕಿದ್ಮೇಲೆ ಕಂಪ್ರೆಷನ್ ಜವಾಬ್ದಾರಿ ಅದರದ್ದು, ರೀಬೌಂಡ್ ಮಾತ್ರ ಇನ್ನೂ ರಾಡ್ ತಲೆಯ ಸಣ್ಣ ತೂತಿನದ್ದೇ, ಅದನ್ನ ಹಿಡಿತಕ್ಕೆ ತರೋಕೆ ಇರೋ ದಾರಿ ಆಯಿಲ್ ದಪ್ಪ ಒಂದೇ. ಸ್ಪ್ರಿಂಗ್ ಗಟ್ಟಿ ಆದಷ್ಟೂ ವಾಪಸ್ ತಳ್ಳೋ ಬಲ ಜಾಸ್ತಿ, ಅದಕ್ಕೇ 15 ನಂಬರ್‌ನಿಂದ ಶುರು ಮಾಡಿ. ಆದ್ರೆ ಡಬ್ಬದ ಮೇಲಿನ ಆ ನಂಬರ್ ನಂಬೋಕಾಗಲ್ಲ, ಒಂದು ಕಂಪನಿ 10 ಅಂತ ಮಾರೋದು ಇನ್ನೊಂದು ಕಂಪನಿಯ 7.5ಕ್ಕಿಂತ ತೆಳುವಾಗಿರಬಹುದು. ಡೇಟಾ ಶೀಟಲ್ಲಿ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಸೆಂಟಿಸ್ಟೋಕ್ ಅಂತ ಕೊಟ್ಟಿರ್ತಾರೆ, ಹೋಲಿಸೋದಾದ್ರೆ ಅದನ್ನ ಹೋಲಿಸಿ, ಒಂದ್ಸಲ ಒಂದು ಬ್ರ್ಯಾಂಡ್ ಹಿಡಿದ್ರೆ ಅದನ್ನೇ ಮುಂದುವರಿಸಿ.

ಆಯಿಲ್ ಎಷ್ಟು ಎಂಎಲ್ ಹಾಕಿದ್ರಿ ಅನ್ನೋದಕ್ಕಿಂತ ಮೇಲೆ ಎಷ್ಟು ಜಾಗ ಉಳಿದಿದೆ ಅನ್ನೋದು ಮುಖ್ಯ. ಸ್ಪ್ರಿಂಗ್ ಹೊರಗಿಟ್ಟು ಫೋರ್ಕ್ ಪೂರ್ತಿ ಒತ್ತಿ, ಟ್ಯೂಬ್ ಬಾಯಿಂದ ಆಯಿಲ್ ಮೇಲ್ಮೈ ತನಕ ಅಳತೆ, ಕಿಟ್ ಜೊತೆ ಬಂದ ಕಾಗದದಲ್ಲಿ ಏನಿದೆಯೋ ಅಲ್ಲಿಂದ ಶುರು. ಸಿರಿಂಜಿಗೆ ಒಂದು ಸಣ್ಣ ಟ್ಯೂಬ್ ಸಿಕ್ಕಿಸಿ, ಬೇಕಾದ ಆಳಕ್ಕೆ ಗುರುತು ಮಾಡಿ ಇಳಿಸಿ ಹೆಚ್ಚಿಗೆ ಇರೋದನ್ನ ಎಳ್ಕೊಂಡ್ರೆ ಎರಡೂ ಕಾಲಲ್ಲಿ ಸಮ ಆಗತ್ತೆ. ಆ ಗಾಳಿ ಜಾಗವೇ ಎರಡನೇ ಸ್ಪ್ರಿಂಗ್. 10 ಎಂಎಂ ಆಯಿಲ್ ಏರಿಸಿದ್ರೆ ಮೊದಲ ಅರ್ಧ ಟ್ರಾವೆಲ್‌ನಲ್ಲಿ ವ್ಯತ್ಯಾಸ ಗೊತ್ತಾಗಲ್ಲ, ಕೊನೆ ಮೂರನೇ ಒಂದು ಭಾಗದಲ್ಲಿ ಚೆನ್ನಾಗಿ ಗೊತ್ತಾಗತ್ತೆ. ಬಾಕಿ ಎಲ್ಲಾ ಸರಿ ಇದ್ದು ದೊಡ್ಡ ಹೊಂಡಕ್ಕೆ ಮಾತ್ರ ಬುಡ ಗುದ್ದತ್ತೆ ಅಂದ್ರೆ ಮೊದಲು ಮುಟ್ಟಬೇಕಾದ್ದು ಇದನ್ನೇ, 5 ಎಂಎಂ 5 ಎಂಎಂ ಆಗಿ. ವಿಪರೀತ ತುಂಬಿಸಿದ್ರೆ ಸೀಲ್ ಕಿತ್ಕೊಂಡು ಬರತ್ತೆ.

ಈಗ ಮೊಟೊಕ್ರಾಸ್ ಫೋರ್ಕ್ ಯಾಕೆ ಬೇಡ ಅಂದೆ ಅಂತ. ನೋಡೋಕೆ ಭರ್ಜರಿ, ಸರಿಯಾಗಿ ಮಾಡಿದ್ರೆ ಓಡಿಸೋಕೂ ಭರ್ಜರಿ, ಇಲ್ಲ ಅನ್ನಲ್ಲ. ಆದ್ರೆ 450 ಸಿಸಿ ಮೊಟೊಕ್ರಾಸ್ ಬೈಕಿನ ತೂಕ 110 ಕೆಜಿ ಆಸುಪಾಸು, ಅದರ ಸ್ಪ್ರಿಂಗ್ ಆ ತೂಕಕ್ಕೆ ಮಾಡಿದ್ದು. ನಿಮ್ಮದು 166. ಅಂದ್ರೆ ಅಷ್ಟು ದೊಡ್ಡ ಫೋರ್ಕ್ ತಂದ್ಮೇಲೂ ಸ್ಪ್ರಿಂಗ್ ಬದಲಾಯಿಸಬೇಕಾಗಬಹುದು! ವಾಲ್ವಿಂಗ್ ಜಂಪ್ ಹೊಡೆಯೋರಿಗೆ ಅಂತ ಮಾಡಿರ್ತಾರೆ, ನಿಧಾನಕ್ಕೆ ಕಲ್ಲು ಹತ್ತೋವಾಗ ಗಟ್ಟಿ ಅನ್ಸತ್ತೆ, ಅದನ್ನೂ ಬಿಚ್ಚಿ ವಾಲ್ವಿನ ಶಿಮ್ (ತೆಳು ಲೋಹದ ಬಿಲ್ಲೆಗಳು) ಬದಲಾಯಿಸಬೇಕು. ಟ್ರಾವೆಲ್ 300 ಎಂಎಂ ಹತ್ರ, ಒಳಗೆ ಸ್ಪೇಸರ್ ಹಾಕಿ ಗಿಡ್ಡ ಮಾಡಿಲ್ಲ ಅಂದ್ರೆ ಬೈಕಿನ ಮುಂಭಾಗ ಮೇಲೆದ್ದು ಹ್ಯಾಂಡಲ್ ತಿರುಗೋದೇ ಸೋಮಾರಿ ಆಗತ್ತೆ. ಆಮೇಲೆ ಸ್ಟೆಮ್ ಪ್ರೆಸ್ ಮಾಡಿಸಿ ಬೇರಿಂಗ್ ಹೊಂದಿಸೋದು, ಸ್ಟೀರಿಂಗ್ ಸ್ಟಾಪ್ ಸರಿಯಾದ ಕಡೆ ಬಡಿಯತ್ತಾ ಇಲ್ಲಾ ಟ್ಯಾಂಕಿಗೆ ಫೋರ್ಕ್ ಬಡಿಯತ್ತಾ ನೋಡೋದು, ಆಕ್ಸಲ್, ಚಕ್ರ, ಡಿಸ್ಕ್ ಸೈಜ್, ಕ್ಯಾಲಿಪರ್, ಬ್ರೇಕ್ ಹೋಸ್ ಉದ್ದ, ಹೆಡ್‌ಲೈಟ್ ಬ್ರಾಕೆಟ್, ಹ್ಯಾಂಡಲ್ ಲಾಕ್ ಹೋಯ್ತು, ಡಿಆರ್‌ನ ಸ್ಪೀಡೋಮೀಟರ್ ಕೇಬಲ್ ಮುಂದಿನ ಚಕ್ರದಿಂದ ಬರೋದ್ರಿಂದ ಅದೂ ಹೋಯ್ತು. ವರ್ಕ್‌ಶಾಪ್ ಕೆಲಸವೇ ಹವ್ಯಾಸ ಅನ್ನೋರಿಗೆ ಇದು ಹಬ್ಬ. ಬೈಕ್ ಓಡಿಸಬೇಕು ಅನ್ನೋರು ತಿಂಗಳುಗಟ್ಟಲೆ ಸ್ಟ್ಯಾಂಡ್ ಮೇಲೆ ನಿಂತಿರೋ ಬೈಕ್ ನೋಡ್ತಾ ಕೂರಬೇಕು.

ನಡುವಿನ ದಾರಿ ಅಂತ ಒಂದಿದೆ, ನಿಮ್ಮ ಫೋರ್ಕ್ ಕಾಲುಗಳ ಒಳಗೇ ಕೂರೋ ಪೂರ್ತಿ ಕಾರ್ಟ್ರಿಡ್ಜ್ ಕಿಟ್, ಅಂದ್ರೆ ಡ್ಯಾಂಪರ್ ರಾಡ್ ಬದಲು ಸ್ವಂತ ವಾಲ್ವ್ ಇರೋ ಡ್ಯಾಂಪರ್, ಕಂಪ್ರೆಷನ್ ರೀಬೌಂಡ್ ಎರಡೂ ಹೊರಗಿಂದ ತಿರುಗಿಸಿ ಅಡ್ಜಸ್ಟ್ ಮಾಡೋ ಅಂಥದ್ದು. ದುಡ್ಡಿದ್ರೆ ಒಳ್ಳೇದೇ, ಆದ್ರೆ ಎಮ್ಯುಲೇಟರ್‌ಗೂ ಅದಕ್ಕೂ ಇರೋ ಅಂತರ ಈಗಿರೋದಕ್ಕೂ ಎಮ್ಯುಲೇಟರ್‌ಗೂ ಇರೋ ಅಂತರದಷ್ಟು ದೊಡ್ಡದಲ್ಲ. ಇದನ್ನ ಓದ್ತಿರೋ ಬೇರೆಯವ್ರಿಗೆ: ಕೆಎಲ್ಆರ್650 ಕೂಡ ಡ್ಯಾಂಪರ್ ರಾಡೇ, ಮೇಲೆ ಹೇಳಿದ್ದು ಅದಕ್ಕೂ ಆಗತ್ತೆ, ತೂಕ ಜಾಸ್ತಿ ಇರೋದ್ರಿಂದ ಸ್ಪ್ರಿಂಗ್ ಲೆಕ್ಕ ಮಾತ್ರ ಬೇರೆ. ಡಿಆರ್‌ಜೆಡ್400ಎಸ್, ಡಬ್ಲ್ಯೂಆರ್250ಆರ್ ಥರದವು ಆಗಲೇ ಕಾರ್ಟ್ರಿಡ್ಜ್ ಫೋರ್ಕ್, ಅವಕ್ಕೆ ಎಮ್ಯುಲೇಟರ್ ಕೂರಲ್ಲ, ಸ್ಪ್ರಿಂಗ್ ಹಾಕ್ಸಿ ರೀವಾಲ್ವ್ ಮಾಡ್ಸಿ, ಅಂದ್ರೆ ಒಳಗಿನ ವಾಲ್ವ್ ಸೆಟ್ಟಿಂಗ್ ಬದಲಾಯಿಸಿ.

ಎಲ್ಲಾ ಜೋಡಿಸಿದ್ಮೇಲೆ ಒಂದು ಫೋರ್ಕ್ ಟ್ಯೂಬಿಗೆ ಜಿಪ್ ಟೈ ಸುತ್ತಿ, ಡಸ್ಟ್ ಸೀಲಿಗೆ ತಾಗೋ ಹಾಗೆ ಕೆಳಗೆ ತಳ್ಳಿ ಓಡಿಸಿ, ಎಷ್ಟು ಟ್ರಾವೆಲ್ ಬಳಸಿದ್ರಿ ಅಂತ ಅದೇ ತೋರ್ಸತ್ತೆ. ಗೊತ್ತಿರೋ ಒಂದೇ ದಾರಿಯಲ್ಲಿ ಓಡಿಸಿ, ಒಂದ್ಸಲಕ್ಕೆ ಒಂದೇ ಬದಲಾವಣೆ. ಏಟು ಇನ್ನೂ ಕೈಗೆ ಬರ್ತಿದೆ ಅಂದ್ರೆ ಜಿಪ್ ಟೈ ಎಲ್ಲಿದೆ ನೋಡಿ. ಅರ್ಧ ಟ್ರಾವೆಲ್ ಕೂಡ ಬಳಸಿಲ್ಲ ಅಂದ್ರೆ ಕಂಪ್ರೆಷನ್ ಜಾಸ್ತಿ ಅಥವಾ ಫೋರ್ಕ್ ಕಚ್ಕೋತಿದೆ, ಎಮ್ಯುಲೇಟರ್ ಸ್ಪ್ರಿಂಗ್ ಅರ್ಧ ಸುತ್ತು ಸಡಿಲ ಮಾಡಿ. ಮುಕ್ಕಾಲು ದಾಟಿದ್ದರೂ ಗಟ್ಟಿ ಅನ್ಸತ್ತಾ, ಹಾಗಾದ್ರೆ ಫೋರ್ಕ್ ಗಟ್ಟಿ ಇಲ್ಲ, ಮೆತ್ತಗಿದೆ! ಆಗಲೇ ಆಳಕ್ಕೆ ಇಳಿದು ಕೊನೆ ಭಾಗದಲ್ಲಿ ಓಡ್ತಿದೆ, ಅದಕ್ಕೆ ಗಟ್ಟಿ ಅನ್ಸೋದು. ಇಲ್ಲಿ ಸಡಿಲ ಮಾಡ್ತಾ ಹೋದ್ರೆ ಇನ್ನೂ ಕೆಡತ್ತೆ, ಸ್ಯಾಗ್ ಮತ್ತೆ ಅಳೀರಿ. ಅಲೆ ರಸ್ತೆಯಲ್ಲಿ ಶುರುವಿಗೆ ಚೆನ್ನಾಗಿದ್ದು ಹೋಗ್ತಾ ಹೋಗ್ತಾ ಗಟ್ಟಿ ಆಗತ್ತೆ ಅಂದ್ರೆ ರೀಬೌಂಡ್ ನಿಧಾನ, ಆಯಿಲ್ ಒಂದು ಹಂತ ತೆಳು ಮಾಡಿ. ಎಮ್ಯುಲೇಟರ್ ಸೆಟ್ಟಿಂಗ್ ಬದಲಾಯಿಸೋಕೆ ಆಯಿಲ್ ಚೆಲ್ಲೋದು ಬೇಕಿಲ್ಲ, ಮುಂಭಾಗ ಎತ್ತಿ ನಿಲ್ಲಿಸಿ ಕ್ಯಾಪ್, ಸ್ಪೇಸರ್, ಸ್ಪ್ರಿಂಗ್ ತೆಗೆದು ಉದ್ದ ಕೊಕ್ಕೆ ಇಳಿಸಿ ಎತ್ಕೊಂಡ್ರೆ ಆಯ್ತು.

ಹೊಸ ಸ್ಪ್ರಿಂಗ್‌ನಿಂದ ಮುಂಭಾಗ ಮೊದಲಿಗಿಂತ ಎತ್ತರ ನಿಲ್ಲತ್ತೆ, ತಿರುವಲ್ಲಿ ಬೈಕು ಹೊರಗೆ ಹೊರಗೆ ಹೋಗ್ತಿದೆ ಅನ್ಸಿದ್ರೆ ಟ್ಯೂಬ್‌ಗಳನ್ನ ಕ್ಲ್ಯಾಂಪಲ್ಲಿ 5ರಿಂದ 10 ಎಂಎಂ ಮೇಲಕ್ಕೆ ಸರಿಸಿ. ಸರಿಸೋ ಮುಂಚೆ ಫೋರ್ಕ್ ಪೂರ್ತಿ ಕೂತಾಗ ಟಯರ್ರು ಫೆಂಡರ್ರು ಯಾವುದಕ್ಕೂ ತಾಗಲ್ಲ ಅಂತ ಸ್ಪ್ರಿಂಗ್ ಇಲ್ಲದೆ ಒಂದ್ಸಲ ಒತ್ತಿ ನೋಡಿ. ಆಮೇಲೆ ಹಿಂದಿನ ಶಾಕ್. ಅಲ್ಲೂ 260 ಎಂಎಂ ಟ್ರಾವೆಲ್, ನೀವು ಬ್ಯಾಗ್ ಸಮೇತ ಕೂತಾಗ ಮೂರನೇ ಒಂದು ಭಾಗ, ಅಂದ್ರೆ 85 ಎಂಎಂ ಆಸುಪಾಸು ಇಳಿದ್ರೆ ಸರಿ. ನಿಮ್ಮ ತೂಕಕ್ಕೆ ಕಂಪನಿ ಸ್ಪ್ರಿಂಗ್ 100 ದಾಟಿಸಿದ್ರೂ ಆಶ್ಚರ್ಯ ಇಲ್ಲ, ಹಿಂದೆ ಕುಸಿದು ಕೂತ ಬೈಕಿಗೆ ಮುಂದೆ ಎಷ್ಟು ಒಳ್ಳೇ ಫೋರ್ಕ್ ಇದ್ರೂ ಮುಂದಿನ ಚಕ್ರ ಹಗುರ ಆಗಿ ಜಲ್ಲಿ ಮೇಲೆ ಜಾರ್ತಾನೇ ಇರತ್ತೆ. ಹಾಗಾಗಿ ಫೋರ್ಕ್ ಸ್ಪ್ರಿಂಗ್ ಆರ್ಡರ್ ಹಾಕೋ ದಿನವೇ ಹಿಂದಿನ ಸ್ಯಾಗ್ ಕೂಡ ಅಳೆದು, ಪ್ರಿಲೋಡ್ ರಿಂಗ್ ಪೂರ್ತಿ ಬಿಗಿದ್ರೂ 85ರ ಹತ್ರ ಬರಲ್ಲ ಅಂದ್ರೆ ಶಾಕ್ ಸ್ಪ್ರಿಂಗನ್ನೂ ಅದೇ ಆರ್ಡರಲ್ಲಿ ಸೇರಿಸ್ಬಿಡಿ.